ಸ್ಪ್ರಿಂಗ್ ಏರ್ ರೈಫಲ್‌ಗೆ ಕೈಗೆಟುಕುವ 4-12×40 ಸ್ಕೋಪ್: ಆರಿಸಿ, ಕೂರಿಸಿ, ಒರೆಗೆ ಹಚ್ಚಿದ ವಿವರ

ಸ್ಕೋಪ್ ಎಂದರೆ ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು; 4-12×40 ಎಂದರೆ 4ರಿಂದ 12 ಪಟ್ಟು ವರ್ಧನೆ, ಮುಂದಿನ ಲೆನ್ಸ್‌ಗೆ 40 ಮಿ.ಮೀ. ವ್ಯಾಸ. ಮಧ್ಯಮ ವರ್ಧನೆಯ ಸ್ಕೋಪ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ದೊಡ್ಡ ಅಂಕಿಯ ಮೇಲೆ. 9ಕ್ಕಿಂತ 12 ಮೇಲು, 12ಕ್ಕಿಂತ 24 ಮೇಲು ಎಂಬ ಲೆಕ್ಕ. ಕೈಯಲ್ಲಿರುವ ದುಡ್ಡಿಗೆ ಮಿತಿ ಇದ್ದಾಗ ಈ ಲೆಕ್ಕ ಹಿಡಿದು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾವು ಹೊಡೆಯುವ ದೂರಕ್ಕೆ ಪ್ಯಾರಲ್ಯಾಕ್ಸ್ ಹೊಂದಬೇಕು, ಅಂದರೆ ಕಣ್ಣು ಸರಿದರೂ ಗುರಿ ಹಿಡಿಯುವ ಅಡ್ಡಗೆರೆ ಗುರಿಯ ಮೇಲೆ ತೇಲಬಾರದು. ಟರೆಟ್ (ಅಡ್ಡಗೆರೆ ಸರಿಸಲು ಸ್ಕೋಪ್ ಮೇಲಿರುವ ಗುಬ್ಬಿ) ತಿರುಗಿಸಿದಷ್ಟು ಅಡ್ಡಗೆರೆ ಸರಿಯಬೇಕು, ಮರಳಿ ತಿರುಗಿಸಿದರೆ ಮೊದಲಿನ ಜಾಗಕ್ಕೇ ಬರಬೇಕು. ಕೂರಿಸಿದ ಜಾಗದಿಂದ ಸ್ಕೋಪ್ ಕದಲಬಾರದು. ಈ ಮೂರಕ್ಕೆ ದುಡ್ಡು ಹಾಕಿ ಮಿಕ್ಕಿದ್ದರೆ ಆಮೇಲೆ ವರ್ಧನೆಯ ಕಡೆ ನೋಡಬಹುದು. ಆ ಕ್ರಮದಲ್ಲೇ ಮಾಡಿದ ಒಂದು ಕೆಲಸದ ದಾಖಲೆ ಇದು.

ನನ್ನದು ನಳಿಗೆ ಬಗ್ಗಿಸಿ ತುಂಬುವ ಸ್ಪ್ರಿಂಗ್ ಏರ್ ರೈಫಲ್. 4.5 ಮಿ.ಮೀ. ಪೆಲೆಟ್, 0.55 ಗ್ರಾಂ ತೂಕದ್ದು, ನಳಿಗೆಯ ಬಾಯಿ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ಮೇಲೆ 11 ಮಿ.ಮೀ. ಡವ್‌ಟೇಲ್ ಹಳಿ, ಅಂದರೆ ಸ್ಕೋಪ್ ಕಚ್ಚಿಸಲು ಅಂಚು ಓರೆ ಕಡೆದ ಪಟ್ಟಿ. ಬಳಕೆ 10ರಿಂದ 40 ಮೀಟರ್ ದೂರದ ಕಾಗದದ ಗುರಿಗೆ ಮಾತ್ರ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ 10 ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುವವರಿಗೆ ಈ ಬರಹದಿಂದ ಉಪಯೋಗವಿಲ್ಲ. ಅಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ, ಸಣ್ಣ ರಂಧ್ರದ ಡಯಾಪ್ಟರ್ ಸೈಟ್‌ನಲ್ಲೇ ಹೊಡೆಯಬೇಕು. ನನ್ನ ಬಜೆಟ್: ರೈಫಲ್‌ನ ಬೆಲೆಯ ಅರ್ಧದಷ್ಟು, ಅದರಲ್ಲೇ ಸ್ಕೋಪ್ ಅನ್ನು ಹಳಿಗೆ ಕಚ್ಚಿಸುವ ಮೌಂಟ್ ಕೂಡ ಬರಬೇಕು. ಮೌಂಟ್‌ಗೆಂದು ಕಾಲು ಪಾಲನ್ನು ಮೊದಲೇ ಎತ್ತಿಟ್ಟೆ. ಸ್ಕೋಪ್ ಕೊಂಡು ಉಳಿದ ಚಿಲ್ಲರೆಯಲ್ಲಿ ಸ್ಕೋಪ್‌ನ ಕೊಳವೆ ಹಿಡಿಯುವ ರಿಂಗ್ ಕೊಳ್ಳುವ ಪದ್ಧತಿಯಿಂದಲೇ ಎಷ್ಟೋ ಒಳ್ಳೆಯ ಸ್ಕೋಪ್‌ಗಳಿಗೆ ಕೆಟ್ಟ ಹೆಸರು ಬಂದಿದೆ.

ಮೂರು ಆಯ್ಕೆಗಳು

ಆ ಬೆಲೆಯಲ್ಲಿ ಸಿಗುವವು ಮೂರು ಬಗೆ: ಪ್ಯಾರಲ್ಯಾಕ್ಸ್ ಬದಲಿಸಲು ಬಾರದ 3-9×40, ಮುಂದಿನ ಲೆನ್ಸ್ ಸುತ್ತ ಹೊಂದಾಣಿಕೆಯ ಬಳೆ ಇರುವ 4-12×40 (ಪೆಟ್ಟಿಗೆಯ ಮೇಲೆ ಎಒ ಎಂದು ಬರೆದಿರುತ್ತದೆ), ದೀಪ ಉರಿಯುವ ಅಡ್ಡಗೆರೆಯ 6-24×50.

ಮೂರನೆಯದನ್ನು ಬಿಡಲು ಹೆಚ್ಚು ಯೋಚಿಸಬೇಕಾಗಲಿಲ್ಲ. ಮುಂದಿನ ಲೆನ್ಸ್‌ನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 50ನ್ನು 24ರಿಂದ ಭಾಗಿಸಿದರೆ 2 ಮಿ.ಮೀ. ಚಿಲ್ಲರೆ. ಬಿಸಿಲಿನಲ್ಲಿ ಮನುಷ್ಯನ ಪಾಪೆಯೂ ಸುಮಾರು 2-3 ಮಿ.ಮೀ.ಗೆ ಕಿರಿದಾಗುವುದರಿಂದ ಹಗಲಲ್ಲಿ ನಡೆದೀತು. ಮೋಡ ಕವಿದಾಗ, ಸಂಜೆಯಾದಾಗ ಪಾಪೆ ಅಗಲವಾಗುತ್ತದೆ, ಆಗ ಚಿತ್ರ ಮಬ್ಬಾಗುತ್ತದೆ. ತಲೆ ಕೂದಲೆಳೆಯಷ್ಟು ಸರಿದರೂ ಅಂಚಿನಿಂದ ಕಪ್ಪು ನೆರಳು ನುಗ್ಗುತ್ತದೆ. ಮೇಲಾಗಿ ಅದು ಭಾರ. ಸ್ಪ್ರಿಂಗ್ ರೈಫಲ್ ಮೇಲೆ ಭಾರ ಹೆಚ್ಚಿದಷ್ಟೂ ಮೌಂಟ್ ಜಾರುವ ಸಾಧ್ಯತೆ ಹೆಚ್ಚು. ಅಷ್ಟೇ ದುಡ್ಡಿನಲ್ಲಿ ಕಾರ್ಖಾನೆಯವರು ದೊಡ್ಡ ಲೆನ್ಸ್, ದೀಪ, ಹೆಚ್ಚಿನ ವರ್ಧನೆ ಎಲ್ಲ ಕೊಟ್ಟಿದ್ದಾರೆ ಎಂದರೆ ಗಾಜಿನ ಗುಣಮಟ್ಟದಲ್ಲೋ ಒಳಗಿನ ಸ್ಕ್ರೂಗಳಲ್ಲೋ ಎಲ್ಲೋ ಉಳಿಸಿರಲೇಬೇಕು. 4-12×40ರಲ್ಲಿ 12ಕ್ಕಿಟ್ಟರೆ ಈ ಕಂಬ 3.3 ಮಿ.ಮೀ., 8ಕ್ಕಿಟ್ಟರೆ 5. ಇದು ನೆಮ್ಮದಿಯಿಂದ ನೋಡಬಹುದಾದ ಅಳತೆ.

ಆಮೇಲೆ ಉಳಿದದ್ದು 3-9 ಮತ್ತು 4-12. ಇಲ್ಲಿ ತೀರ್ಮಾನ ಮಾಡಿದ್ದು ಪ್ಯಾರಲ್ಯಾಕ್ಸ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಏರ್ ರೈಫಲ್‌ಗೆ ಸ್ಕೋಪ್ ಆರಿಸುವಾಗ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಗುರಿಯ ಬಿಂಬವೂ ಅಡ್ಡಗೆರೆಯೂ ಸ್ಕೋಪ್‌ನೊಳಗೆ ಒಂದೇ ಸಮತಲದಲ್ಲಿ ಬಿದ್ದರೆ ಕಣ್ಣು ಅತ್ತಿತ್ತ ಸರಿದರೂ ಅಡ್ಡಗೆರೆ ಗುರಿಯ ಮೇಲೆ ಅಂಟಿದಂತೆ ಇರುತ್ತದೆ. ಬೇರೆ ಬೇರೆ ಸಮತಲದಲ್ಲಿ ಬಿದ್ದರೆ ಕಣ್ಣು ಸರಿದಂತೆ ಅಡ್ಡಗೆರೆಯೂ ಗುರಿಯ ಮೇಲೆ ತೇಲುತ್ತದೆ. ಹೊಂದಾಣಿಕೆ ಇಲ್ಲದ ಸ್ಕೋಪ್‌ಗಳನ್ನು ಒಂದು ನಿಗದಿತ ದೂರಕ್ಕೆ ಕೂಡಿಸಿ ಕಳಿಸಿರುತ್ತಾರೆ. ದೊಡ್ಡ ರೈಫಲ್‌ಗಳಿಗೆ ಮಾಡಿದವು ಸಾಮಾನ್ಯವಾಗಿ 100 ಗಜಕ್ಕೆ, .22 ರಿಮ್‌ಫೈರ್ ಎಂಬ ಸಣ್ಣ ಗುಂಡಿನ ರೈಫಲ್‌ಗೆ ಮಾಡಿದವು 50 ಗಜಕ್ಕೆ. ಗರಿಷ್ಠ ತಪ್ಪನ್ನು ಲೆಕ್ಕ ಹಾಕುವುದು ಸುಲಭ: ಲೆನ್ಸ್ ವ್ಯಾಸದ ಅರ್ಧವನ್ನು ಎರಡು ದೂರಗಳ ವ್ಯತ್ಯಾಸದಿಂದ ಗುಣಿಸಿ, ಕಾರ್ಖಾನೆ ಕೂಡಿಸಿದ ದೂರದಿಂದ ಭಾಗಿಸಬೇಕು. 100 ಗಜ ಅಂದರೆ 91 ಮೀಟರ್. ಗುರಿ 25 ಮೀಟರ್‌ನಲ್ಲಿದ್ದರೆ 20 ಮಿ.ಮೀ. ಗುಣಿಸು 66, ಭಾಗಿಸು 91: ಹದಿನಾಲ್ಕೂವರೆ ಮಿ.ಮೀ. ಗುರಿ 10 ಮೀಟರ್‌ಗೆ ಬಂದರೆ ಸುಮಾರು 18 ಮಿ.ಮೀ. ಪೆಲೆಟ್‌ನ ದಪ್ಪವೇ 4.5 ಮಿ.ಮೀ. ಅಂದರೆ ಕೆನ್ನೆ ಇಟ್ಟ ಜಾಗ ಬದಲಾದ ಮಾತ್ರಕ್ಕೆ ಪೆಲೆಟ್ ಮೂರು ನಾಲ್ಕು ತೂತಿನಷ್ಟು ದೂರ ಹೋಗಿ ಬೀಳಬಹುದು. ರೈಫಲ್ ಎಷ್ಟೇ ಚೆನ್ನಾಗಿರಲಿ, ಟ್ರಿಗರ್ ಎಷ್ಟೇ ನಯವಾಗಿ ಎಳೆಯಲಿ, ಇದನ್ನು ಸರಿದೂಗಿಸಲು ಆಗದು.

ಈಗಾಗಲೇ ಅಂಥ 3-9 ಇಟ್ಟುಕೊಂಡವರಿಗೆ ಒಂದು ದಾರಿ ಇದೆ. ಮುಂದಿನ ಲೆನ್ಸ್‌ಗೆ ದಪ್ಪ ಕಪ್ಪು ರಟ್ಟಿನ ಮುಚ್ಚಳ ಮಾಡಿ ನಟ್ಟನಡುವೆ 20 ಮಿ.ಮೀ. ರಂಧ್ರ ಕೊರೆಯಿರಿ. ವ್ಯಾಸ ಅರ್ಧವಾದ್ದರಿಂದ ಗರಿಷ್ಠ ತಪ್ಪೂ ಅರ್ಧವಾಗುತ್ತದೆ. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಬಿಸಿಲಿನಲ್ಲಿ ಕಾಗದಕ್ಕೆ ಹೊಡೆಯುವಾಗ ಅದು ದೊಡ್ಡ ನಷ್ಟವೇನಲ್ಲ. ಹೊಸದಾಗಿ ಕೊಳ್ಳುವವರು 10 ಮೀಟರ್ ಅಥವಾ 10 ಗಜದಿಂದ ಶುರುವಾಗುವ ಎಒ ಬಳೆ ಇದ್ದದ್ದನ್ನೇ ಕೊಳ್ಳಿ. ನಾನು 4-12×40 ಎಒ ತೆಗೆದುಕೊಂಡೆ. 25.4 ಮಿ.ಮೀ. ಕೊಳವೆ, ಮಿಲ್-ಡಾಟ್ ಅಡ್ಡಗೆರೆ (ದೂರದ ಸಾವಿರದಲ್ಲೊಂದು ಪಾಲಿಗೆ, ಅಂದರೆ ಒಂದು ಮಿಲ್‌ಗೆ, ಒಂದೊಂದು ಚುಕ್ಕಿ ಇರುವುದು), ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್ ರೈಫಲ್‌ಗೆ ತಾಳುತ್ತದೆ ಎಂಬ ಸ್ಪಷ್ಟ ಮಾತು.

ಆ ಮಾತು ಯಾಕೆ ಬೇಕು ಎಂದರೆ, ಸ್ಪ್ರಿಂಗ್ ರೈಫಲ್‌ನ ಒದೆತ ಎರಡು ದಿಕ್ಕಿನದು. ಟ್ರಿಗರ್ ಎಳೆದಾಗ ಸ್ಪ್ರಿಂಗ್ ತಳ್ಳುವ ಭಾರದ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ಕೊಳವೆಯ ತುದಿಗೆ ಬಂದು ಗಕ್ಕನೆ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಮದ್ದಿನ ರೈಫಲ್‌ಗೆಂದು ಮಾಡಿದ ಸ್ಕೋಪ್‌ಗಳು ಹಿಂದಕ್ಕೆ ಬರುವ ಒದೆತ ತಾಳುವಂತೆ ಕಟ್ಟಿದವು. ಈ ಮುಂದಿನ ಜಗ್ಗು ಅವುಗಳ ಒಳಗಿನ ಲೆನ್ಸ್‌ಗಳನ್ನೂ ಅಡ್ಡಗೆರೆಯನ್ನೂ ಸಡಿಲಿಸಬಲ್ಲದು. ಹೆಚ್ಚು ಬೆಲೆಯದೆಂಬ ಕಾರಣಕ್ಕೆ ಸ್ಕೋಪ್ ಇದರಿಂದ ಪಾರಾಗುತ್ತದೆ ಎನ್ನಲಾಗದು.

ಕೈಗೆ ಬಂದ ಮೇಲೆ, ರೈಫಲ್‌ಗೆ ಹಾಕುವ ಮೊದಲು

ಮರಳಿಸುವ ಅವಕಾಶ ಇರುವಾಗಲೇ ಗಾಜು ನೋಡಬೇಕು. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಳಗೆ ಗಾಳಿಗೆ ತೆರೆದ 14 ಮೈಗಳಿವೆ ಎಂದಿಟ್ಟುಕೊಳ್ಳಿ: ಲೇಪನವೇ ಇಲ್ಲದಿದ್ದರೆ ಕಣ್ಣಿಗೆ ಬರುವುದು 56-57 ಶೇಕಡಾ. ಒಂದೇ ಪದರದ ಲೇಪನ ನಷ್ಟವನ್ನು ಒಂದೂವರೆ ಶೇಕಡಾಕ್ಕೆ ಇಳಿಸಿದರೆ 80 ದಾಟುತ್ತದೆ. ಹಲವು ಪದರದ ಒಳ್ಳೆಯ ಲೇಪನವಾದರೆ 90ರ ಮೇಲೆ. 1935ರಲ್ಲಿ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ ಈ ಲೇಪನಕ್ಕೆ ದಾರಿ ಮಾಡಿಕೊಟ್ಟವರು. ಇವತ್ತು ಅಗ್ಗದ ಸ್ಕೋಪ್‌ನಲ್ಲೂ ಅದು ಸಿಗುತ್ತದೆ, ಆದರೆ ಎಲ್ಲ ಮೈಗಳಿಗೂ ಹಾಕಿದ್ದಾರೆಯೇ ಎಂಬುದೇ ಪ್ರಶ್ನೆ. 'ಮಲ್ಟಿ ಕೋಟೆಡ್' ಎಂದರೆ ಕೆಲವು ಮೈಗಳಿಗೆ ಹಲವು ಪದರ. 'ಫುಲ್ಲಿ ಮಲ್ಟಿ ಕೋಟೆಡ್' ಎಂದರೆ ಗಾಳಿಗೆ ತೆರೆದ ಎಲ್ಲ ಮೈಗಳಿಗೂ. ಕತ್ತಲೆ ಕೋಣೆಯಲ್ಲಿ ಮುಂದಿನ ಲೆನ್ಸ್‌ಗೆ ಸಣ್ಣ ಟಾರ್ಚ್ ಓರೆಯಾಗಿ ಹಿಡಿದೆ. ಒಳಗೆ ಸಾಲಾಗಿ ಕಾಣುವ ಬೆಳಕಿನ ಚುಕ್ಕಿಗಳು ಹಸಿರು, ನೇರಳೆ, ತುಸು ಕೆಂಪು. ಅಪ್ಪಟ ಬಿಳಿ ಚುಕ್ಕಿ ಕಂಡಿದ್ದರೆ ಆ ಮೈಗೆ ಲೇಪನವಿಲ್ಲ ಎಂದು ತಿಳಿಯಬೇಕಿತ್ತು. ಕಾಣಲಿಲ್ಲ.

ಕೈಯಲ್ಲಿ ಹಿಡಿದು ಅಲುಗಿಸಿದೆ, ಒಳಗೆ ಏನೂ ಗುಡುಗುಡು ಎನ್ನಲಿಲ್ಲ. ವರ್ಧನೆಯ ಬಳೆ ಬಿಗಿ, ಆದರೆ ಒಂದೇ ಸಮ. ಎಒ ಬಳೆ ಮರಳು ಸೇರಿದಂತೆ ಕರಕರ ಎಂದರೆ ಅದನ್ನು ಮರಳಿಸುವುದೇ ಸರಿ. ಇದು ನುಣ್ಣಗಿತ್ತು. ಸ್ಕೋಪ್ ಅನ್ನು ಮರಳು ಚೀಲದ ಮೇಲೆ ಕೂರಿಸಿ, ದೂರದ ಒಂದು ಮೊಳೆಯ ತಲೆಗೆ ಅಡ್ಡಗೆರೆ ಹಿಡಿದು, 4ರಿಂದ 12ರ ತನಕ ಬಳೆ ತಿರುಗಿಸಿದೆ. ಅಡ್ಡಗೆರೆಯ ನಡು ಮೊಳೆಯ ತಲೆ ಬಿಟ್ಟು ಹೊರಗೆ ಹೋಗಲಿಲ್ಲ. ಈ ಬೆಲೆಯಲ್ಲಿ ಹೆಚ್ಚಿನ ಸ್ಕೋಪ್‌ಗಳ ಅಡ್ಡಗೆರೆ ಎರಡನೇ ಸಮತಲದಲ್ಲಿರುತ್ತದೆ, ಅಂದರೆ ವರ್ಧನೆಯ ಲೆನ್ಸ್‌ಗಳ ಹಿಂದೆ, ಕಣ್ಣಿನ ಕಡೆ; ವರ್ಧನೆ ಬದಲಿಸಿದರೂ ಗೆರೆಯ ಗಾತ್ರ ಬದಲಾಗುವುದಿಲ್ಲ. ಅಂಥವುಗಳಲ್ಲಿ ವರ್ಧನೆ ಬದಲಿಸಿದಾಗ ಗುರಿಯ ಬಿಂದು ಜರುಗುವ ದೋಷ ಇರಬಹುದು. ಅದನ್ನು ಈ ಹಂತದಲ್ಲೇ ಹಿಡಿದುಬಿಡಬೇಕು.

ಆಮೇಲೆ ಕಣ್ಣಿನ ಕಡೆಯ ಲೆನ್ಸ್‌ನ ಫೋಕಸ್. ಬಿಳಿ ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ತೆರೆದ ಮೊದಲ ಕ್ಷಣದಲ್ಲೇ ಅಡ್ಡಗೆರೆ ಚೂಪಾಗಿ ಕಾಣುವ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸುವುದು. ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಸೂರ್ಯನ ಕಡೆ ಯಾವ ಕಾರಣಕ್ಕೂ ತಿರುಗಿಸಬಾರದು, ಕಣ್ಣು ಹೋಗುತ್ತದೆ.

ಕೊನೆಗೆ ಅಡ್ಡಗೆರೆಯನ್ನು ನಡುವಿಗೆ ತರುವುದು. ಟರೆಟ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಕ್ಲಿಕ್ ಎಣಿಸಿ, ಅರ್ಧಕ್ಕೆ ತರುವುದು ಒಂದು ವಿಧಾನ. ಮೇಲು ಕೆಳಗಿನ ಒಟ್ಟು ಹರವು ಸುಮಾರು 60 ಎಂಒಎ ಬಂತು (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು). ನನಗೆ ಹೆಚ್ಚು ನಂಬಿಕೆ ಇರುವುದು ಕನ್ನಡಿಯ ವಿಧಾನದಲ್ಲಿ. ಸಮತಟ್ಟಾದ ಕನ್ನಡಿಗೆ ಮುಂದಿನ ತುದಿಯನ್ನು ಒತ್ತಿ ಹಿಡಿದು, ವರ್ಧನೆ 4ಕ್ಕೂ ಎಒ ಬಳೆ ಅನಂತ ದೂರಕ್ಕೂ ಇಟ್ಟು, ಹಿಂದಿನಿಂದ ನೋಡಿದರೆ ಅಡ್ಡಗೆರೆಯ ಪಕ್ಕದಲ್ಲಿ ಅದರದೇ ಮಸುಕು ಪ್ರತಿಬಿಂಬ ಕಾಣುತ್ತದೆ. ಎರಡೂ ಟರೆಟ್ ತಿರುಗಿಸುತ್ತಾ ಹೋದರೆ ಪ್ರತಿಬಿಂಬ ಮೆಲ್ಲಗೆ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತದೆ. ಅದೇ ದೃಷ್ಟಿಯ ನಿಜವಾದ ನಡು. ಎಣಿಕೆಯ ಅರ್ಧಕ್ಕೂ ಇದಕ್ಕೂ ಕೆಲವು ಕ್ಲಿಕ್‌ಗಳ ಅಂತರ ಇತ್ತು.

ನಳಿಗೆಯ ಬಾಗು ಅಳೆದದ್ದು

ನಳಿಗೆ ಬಗ್ಗಿಸಿ ತುಂಬುವ ರೈಫಲ್‌ಗಳಲ್ಲಿ ನಳಿಗೆ ಹಳಿಗಿಂತ ತುಸು ಕೆಳಮುಖವಾಗಿರುವುದು ಸಾಮಾನ್ಯ. ತೆರೆದ ಸೈಟ್ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಸೈಟ್ ನಳಿಗೆಯ ಮೇಲೇ ಇರುತ್ತದಲ್ಲ. ಸ್ಕೋಪ್ ಹಾಕಿದಾಗ ತೊಂದರೆ ಎದುರಿಗೆ ಬರುತ್ತದೆ.

ಕೈಯಲ್ಲಿದ್ದ ಸಾದಾ ರಿಂಗ್‌ಗಳಲ್ಲಿ ನಡುವಿಗೆ ತಂದ ಸ್ಕೋಪ್ ಕೂರಿಸಿ, 10 ಮೀಟರ್‌ನಲ್ಲಿ ದೊಡ್ಡ ಕಾಗದಕ್ಕೆ ಹೊಡೆದೆ. ಪೆಲೆಟ್‌ಗಳು ಗುರಿಯಿಂದ ಹತ್ತೂವರೆ ಸೆಂ.ಮೀ. ಕೆಳಗೆ ಬಿದ್ದವು. ಸ್ಕೋಪ್‌ನ ನಡು ನಳಿಗೆಯ ನಡುವಿಗಿಂತ 45 ಮಿ.ಮೀ. ಮೇಲಿದೆ. ಅಷ್ಟು ದೂರದಲ್ಲಿ ಪೆಲೆಟ್ ತಾನಾಗಿ ಬೀಳುವುದು ಸುಮಾರು 9 ಮಿ.ಮೀ. ಎರಡೂ ಸೇರಿ ಐದೂವರೆ ಸೆಂ.ಮೀ. ಲೆಕ್ಕಕ್ಕೆ ಸಿಕ್ಕಿತು, ಉಳಿದ ಐದು ನಳಿಗೆಯ ಬಾಗಿನದು.

25 ಮೀಟರ್‌ಗೆ ಝೀರೋ ಮಾಡಿದರೆ, ಅಂದರೆ ಅಡ್ಡಗೆರೆ ಇಟ್ಟಲ್ಲೇ ಆ ದೂರದಲ್ಲಿ ಪೆಲೆಟ್ ಬೀಳುವಂತೆ ಕೂಡಿಸಿದರೆ, 10 ಮೀಟರ್‌ನಲ್ಲಿ ಪೆಲೆಟ್ ಸುಮಾರು 11 ಮಿ.ಮೀ. ಕೆಳಗಿರಬೇಕು. ಅಂದರೆ ಇಲ್ಲಿಂದ 94 ಮಿ.ಮೀ. ಮೇಲೆ ತರಬೇಕು. ಅದು 10 ಮೀಟರ್‌ಗೆ 9.4 ಮಿಲ್, ಅಂದರೆ 32 ಎಂಒಎ. ಸ್ಕೋಪ್‌ನ ಇಡೀ ಹರವೇ 60, ನಡುವಿನಿಂದ ಮೇಲಕ್ಕೆ ಉಳಿದದ್ದು 30. ಟರೆಟ್ ತುದಿ ಮುಟ್ಟಿದರೂ ಝೀರೋ ಸಿಗದು. ಸಿಕ್ಕಿದ್ದರೂ ನಾನು ಅಲ್ಲಿಡುತ್ತಿರಲಿಲ್ಲ. ಟರೆಟ್ ಮೇಲಿನ ತುದಿಗೆ ಹೋದಷ್ಟೂ ಒಳಕೊಳವೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್‌ನ ಬಿಗಿ ಕಡಿಮೆಯಾಗುತ್ತದೆ, ಪ್ರತಿ ಹೊಡೆತಕ್ಕೂ ಅಡ್ಡಗೆರೆ ಅಲ್ಲಾಡುತ್ತದೆ. 'ಈ ಸ್ಕೋಪ್ ಝೀರೋ ಹಿಡಿಯುವುದಿಲ್ಲ' ಎಂಬ ದೂರುಗಳಲ್ಲಿ ಎಷ್ಟೋ ಈ ಕಾರಣದವು.

ಹಿಂದಿನ ರಿಂಗ್‌ನ ಕೆಳಗೆ ಹಳೆಯ ಕ್ಯಾಮೆರಾ ಫಿಲ್ಮ್‌ನ ತುಂಡು ಇಡುವುದು ಬಹುಕಾಲದ ಉಪಾಯ. ಫಿಲ್ಮ್ ಸುಮಾರು 0.14 ಮಿ.ಮೀ. ದಪ್ಪ. ರಿಂಗ್‌ಗಳ ನಡುವೆ 90 ಮಿ.ಮೀ. ಇದ್ದರೆ ಒಂದು ತುಂಡಿಗೆ ಒಂದೂವರೆ ಮಿಲ್ ಸಿಗುತ್ತದೆ. ನನಗೆ ಬೇಕಾದಷ್ಟು ಪಡೆಯಲು ನಾಲ್ಕೈದು ಪದರ ಹಾಕಬೇಕಿತ್ತು, ಅಷ್ಟು ಹಾಕಿದರೆ ಕೊಳವೆ ಎರಡು ರಿಂಗ್‌ಗಳ ನಡುವೆ ಬಿಲ್ಲಿನಂತೆ ಬಾಗುತ್ತದೆ. ಹಾಗಾಗಿ ಎತ್ತಿಟ್ಟ ದುಡ್ಡಿನಲ್ಲಿ 25 ಎಂಒಎ ಇಳಿಜಾರು ಕಡೆದಿರುವ ಒಂದೇ ತುಂಡಿನ ಮೌಂಟ್ ತಂದೆ. 32ರಲ್ಲಿ 25 ಕಳೆದು 7 ಎಂಒಎ, ಅಂದರೆ ಕಾಲು ಎಂಒಎಗೆ ಒಂದರಂತೆ 28 ಕ್ಲಿಕ್ ಮಾತ್ರ ಟರೆಟ್ ಮೇಲೆ ಬೀಳುತ್ತದೆ. ಇಡೀ ಕೆಲಸದಲ್ಲಿ ದುಡ್ಡು ಅತ್ಯಂತ ಸಾರ್ಥಕವಾದದ್ದು ಇಲ್ಲಿ ಎಂದು ಒತ್ತಿ ಹೇಳುತ್ತೇನೆ.

ಕೂರಿಸಿದ್ದು

ಪ್ರತಿ ಬಾರಿ ರೈಫಲ್ ಕೈಗೆ ತೆಗೆದುಕೊಂಡಾಗಲೂ ನಳಿಗೆ ಬಗ್ಗಿಸಿ ಒಳಗೆ ಪೆಲೆಟ್ ಇಲ್ಲವೆಂದು ನೋಡುವುದು ಮೊದಲ ಕೆಲಸ. ನಳಿಗೆ ಬಗ್ಗಿರುವಾಗ ಕೈ ಬಿಡಬಾರದು.

ಸಾದಾ ರಿಂಗ್ ಬಿಚ್ಚಿದಾಗ ಹಳಿಯ ಮೇಲೆ ರಿಂಗ್‌ನ ಹಿಂದೆ ಎಳೆದಿದ್ದ ಬಿಳಿ ಪೆನ್ಸಿಲ್ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ರಿಂಗ್‌ನ ಅಂಚು ಗೆರೆಯನ್ನು ತುಳಿದು ಆಚೆ ಹೋಗಿತ್ತು. ಅದು ಸರಿದ ಉದ್ದಕ್ಕೂ ಕಪ್ಪು ಬಣ್ಣ ಕೆರೆದು ಒಂದು ಮಿ.ಮೀ.ಗಿಂತ ತುಸು ಹೆಚ್ಚು ಅಗಲದ ಹೊಳೆಯುವ ಪಟ್ಟಿ ಬಿದ್ದಿತ್ತು. ಅಷ್ಟೇ ಹೊಡೆತಗಳಿಗೆ ಅಷ್ಟು ಜಾರಿಕೆ. ರೈಫಲ್ ಮುಂದಕ್ಕೆ ಜಗ್ಗಿದಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುವುದರಿಂದ ಮೌಂಟ್ ಯಾವಾಗಲೂ ಹಿಂದಕ್ಕೇ ಜಾರುತ್ತದೆ. ಇದಕ್ಕೆ ಮದ್ದು ಸ್ಟಾಪ್ ಪಿನ್: ಮೌಂಟ್‌ನ ಹೊಟ್ಟೆಯಿಂದ ಇಳಿಯುವ ಸಣ್ಣ ಉಕ್ಕಿನ ಗೂಟ, ಹಳಿಯಲ್ಲಿ ಅದಕ್ಕೆಂದೇ ಕೊರೆದ ಕುಳಿಯೊಳಗೆ ಇಳಿಯಬೇಕು. ಹೊಸ ಮೌಂಟ್‌ನ ಪಿನ್ ಕುಳಿಗೆ ಇಳಿಸಿ, ಹಿಂದಿನ ಗೋಡೆಗೆ ತಾಗುವ ತನಕ ಮೌಂಟ್ ಅನ್ನು ಹಿಂದಕ್ಕೆ ಒತ್ತಿ, ಆಮೇಲೆ ಬಿಗಿ ಮಾಡಿದೆ. ಪಿನ್ ಹಿಂದೆ ಜಾಗ ಬಿಟ್ಟರೆ ಮೌಂಟ್ ಆ ಜಾಗದಲ್ಲಿ ಓಡಿ ಬಂದು ಗುದ್ದುತ್ತದೆ. ಅದಕ್ಕೂ ಮೊದಲು ಹಳಿ, ಮೌಂಟ್‌ನ ದವಡೆ, ರಿಂಗ್‌ನ ಒಳಮೈ, ಕೊಳವೆ ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಎಣ್ಣೆ ತೆಗೆದಿದ್ದೆ. ಲೆನ್ಸ್ ಮಾತ್ರ ಮುಟ್ಟಲಿಲ್ಲ.

ಕಣ್ಣಿಗೂ ಸ್ಕೋಪ್‌ಗೂ ನಡುವಿನ ಅಂತರ ನೋಡುವುದು 12 ಪಟ್ಟಿನಲ್ಲಿ, ಅಲ್ಲಿ ಕಣ್ಣಿಗೆ ಸಿಗುವ ಅವಕಾಶ ತೀರಾ ಕಿರಿದು. ಕಣ್ಣು ಮುಚ್ಚಿ ರೈಫಲ್ ಹೆಗಲಿಗೆ ತಂದು, ಕೆನ್ನೆ ಸಹಜವಾಗಿ ಇಳಿಸಿ, ಕಣ್ಣು ತೆರೆದಾಗ ಪೂರ್ತಿ ದುಂಡಗಿನ ಚಿತ್ರ ಕಾಣಬೇಕು. ಸುತ್ತ ಕಪ್ಪು ಉಂಗುರ ಇದ್ದರೆ ಸ್ಕೋಪ್ ಹಿಂದೆ ಮುಂದೆ ಸರಿಸಿ ಮತ್ತೆ ಮೊದಲಿನಿಂದ. ಈ ಸ್ಕೋಪ್‌ಗೆ ಹೊಂದಿದ್ದು ಸುಮಾರು 85 ಮಿ.ಮೀ. ಅಂತರ.

ಅಡ್ಡಗೆರೆ ನೆಟ್ಟಗೆ ನಿಲ್ಲಿಸಲು ತೂಗುಗುಂಡು ಬಳಸಿದೆ. 15 ಮೀಟರ್ ದೂರದಲ್ಲಿ ಬಿಳಿ ದಾರಕ್ಕೆ ಗುಂಡು ಕಟ್ಟಿ, ಗಾಳಿಗೆ ಅಲುಗದಂತೆ ಗುಂಡನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿದೆ. ಮೌಂಟ್‌ನ ಸಮತಟ್ಟು ಜಾಗದ ಮೇಲೆ ಸಣ್ಣ ರಸಮಟ್ಟ ಇಟ್ಟು ರೈಫಲ್ ಸಮ ಮಾಡಿ, ಲಂಬ ಗೆರೆ ದಾರದ ಮೇಲೆ ಕೂರುವಂತೆ ಕೊಳವೆ ತಿರುಗಿಸಿದೆ. ಸ್ಕೋಪ್‌ನ ಟರೆಟ್ ಮುಚ್ಚಳದ ಮೇಲೆ ರಸಮಟ್ಟ ಇಡುವವರಿದ್ದಾರೆ. ಮುಚ್ಚಳ ಒಳಗಿನ ಅಡ್ಡಗೆರೆಗೆ ಸರಿಸಮ ಎಂಬ ಖಾತ್ರಿ ಅಗ್ಗದ ಸ್ಕೋಪ್‌ನಲ್ಲಿಲ್ಲ, ಆದ್ದರಿಂದ ದಾರವೇ ಮೇಲು. ಹೊಡೆಯುವಾಗ ರೈಫಲ್ 3 ಡಿಗ್ರಿ ವಾಲಿದರೂ ಈ ಝೀರೋದಲ್ಲಿ 40 ಮೀಟರ್‌ಗೆ ಪೆಲೆಟ್ ಆರೇಳು ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗೆರೆ ನೆಟ್ಟಗಿದ್ದರೆ ವಾಲಿದ್ದು ಕಣ್ಣಿಗೆ ಕಾಣುತ್ತದೆ.

ರಿಂಗ್‌ನ ಸ್ಕ್ರೂ ಬಿಗಿ ಮಾಡುವಾಗ ಕೊಳವೆ ಬಿಗಿಯ ಕಡೆಗೆ ತಿರುಗಲು ನೋಡುತ್ತದೆ. ಮೂಲೆಯಿಂದ ಮೂಲೆಗೆ, ಒಂದೊಂದಕ್ಕೂ ಕಾಲು ಸುತ್ತಿನಂತೆ ಬಿಗಿಸುತ್ತಾ, ಎರಡೂ ಬದಿಯ ಸಂದು ಸಮ ಇದೆಯೇ ಎಂದು ನೋಡುತ್ತಾ ಹೋದೆ. ಕೊನೆಗೆ ಟಾರ್ಕ್ ಡ್ರೈವರ್‌ನಲ್ಲಿ 1.8 ನ್ಯೂಟನ್ ಮೀಟರ್. ರಿಂಗ್ ಸ್ಕ್ರೂಗಳಿಗೆ 1.7ರಿಂದ 2 ಸಾಕು, ಅದಕ್ಕಿಂತ ಹೆಚ್ಚಾದರೆ ತೆಳು ಕೊಳವೆ ಹಿಸುಕಿಹೋಗಿ ವರ್ಧನೆಯ ಬಳೆ ಬಿಗಿಯಾಗುತ್ತದೆ. ಹಳಿಗೆ ಕಚ್ಚುವ ಸ್ಕ್ರೂಗಳಿಗೆ ಮೌಂಟ್ ಮಾಡಿದವರು ಬರೆದಷ್ಟೇ ಕೊಟ್ಟೆ. ಹೊಸ ಬಿಳಿ ಗೆರೆ ಎಳೆದೆ.

ಹೊಡೆಯದೆ ಕ್ಲಿಕ್ ಅಳೆದದ್ದು

ಪೆಲೆಟ್ ಹಾರಿಸಿ ಕ್ಲಿಕ್ ಪರೀಕ್ಷಿಸಿದರೆ ರೈಫಲ್‌ನ ಚದುರುವಿಕೆ, ಕೈಯ ನಡುಕ ಎಲ್ಲ ಅದರಲ್ಲಿ ಬೆರೆಯುತ್ತವೆ. ಅದಕ್ಕೆ ಮೊದಲು ಖಾಲಿ ರೈಫಲ್ ಅನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಕಚ್ಚಿಸಿ, ಟೇಪ್ ಹಿಡಿದು ಅಳೆದ 25 ಮೀಟರ್‌ನಲ್ಲಿ 5 ಮಿ.ಮೀ. ಚೌಕಗಳ ಕಾಗದ ಅಂಟಿಸಿದೆ. ಕಾಲು ಎಂಒಎ ಕ್ಲಿಕ್ ಎಂದು ಟರೆಟ್ ಮೇಲೆ ಬರೆದಿದೆ. 1 ಎಂಒಎ 100 ಮೀಟರ್‌ಗೆ 29.1 ಮಿ.ಮೀ. ಹಾಗಾದರೆ 40 ಕ್ಲಿಕ್‌ಗೆ 25 ಮೀಟರ್‌ನಲ್ಲಿ 73 ಮಿ.ಮೀ. ಸರಿಯಬೇಕು.

ಸರಿದದ್ದು 70ರೊಳಗೆ. ಅಂದರೆ ಇದರ ಕ್ಲಿಕ್ ನಿಜವಾದ ಎಂಒಎ ಅಲ್ಲ, 100 ಗಜಕ್ಕೆ ಕಾಲು ಇಂಚಿನದು, ಆ ಲೆಕ್ಕದಲ್ಲಿ 69.4 ಬರಬೇಕು. ಸುಮಾರು 5 ಶೇಕಡಾ ವ್ಯತ್ಯಾಸ. ಗೊತ್ತಿದ್ದರೆ ಇದರಿಂದ ತೊಂದರೆ ಇಲ್ಲ. ನನಗೆ ಮುಖ್ಯವಾಗಿದ್ದು ಎರಡು: 40 ಮೇಲೆ ಹೋಗಿ 40 ಕೆಳಗೆ ಬಂದಾಗ ಗೆರೆ ಹೊರಟ ಚೌಕದ ಮೂಲೆಗೇ ಬಂದು ನಿಂತಿತು. ಮೇಲೆ ಹೋಗುವಾಗ ಪಕ್ಕಕ್ಕೆ ಸರಿಯಲಿಲ್ಲ. ದಿಕ್ಕು ಬದಲಿಸಿದಾಗ ಮಾತ್ರ ಮೊದಲ ಕ್ಲಿಕ್ ಸದ್ದಾದರೂ ಗೆರೆ ಮಿಸುಕುವುದಿಲ್ಲ. ಆದ್ದರಿಂದ ಬೇಕಾದ ಜಾಗ ದಾಟಿ ಎರಡು ಕ್ಲಿಕ್ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ಮರಳಿ ಬರುವ ಕ್ರಮ ಇಟ್ಟುಕೊಂಡಿದ್ದೇನೆ.

ವೈಸ್‌ನಲ್ಲಿರುವಾಗಲೇ ಮಿಲ್-ಡಾಟ್ ಯಾವ ವರ್ಧನೆಯಲ್ಲಿ ನಿಜ ಹೇಳುತ್ತದೆ ಎಂದು ನೋಡಿದೆ. ಎರಡನೇ ಸಮತಲದ ಅಡ್ಡಗೆರೆಯಲ್ಲಿ ಚುಕ್ಕಿಗಳ ಅಂತರ ಒಂದೇ ಒಂದು ವರ್ಧನೆಯಲ್ಲಿ ಸರಿ ಇರುತ್ತದೆ. 25 ಮೀಟರ್‌ಗೆ 1 ಮಿಲ್ ಎಂದರೆ 25 ಮಿ.ಮೀ. ಅಷ್ಟಷ್ಟಕ್ಕೆ ದಪ್ಪ ಗೆರೆ ಎಳೆದ ಕಾಗದ ನೋಡುತ್ತಾ ಬಳೆ ತಿರುಗಿಸಿದಾಗ, ಚುಕ್ಕಿಗಳು ಗೆರೆಗಳ ಮೇಲೆ ಕೂತದ್ದು 10ರ ಗುರುತು ದಾಟಿ ಕೂದಲೆಳೆಯಷ್ಟು ಆಚೆ. ಅಲ್ಲಿ ಬಳೆಯ ಮೇಲೆ ಸೂಜಿ ತುದಿಯಿಂದ ಬಿಳಿ ಬಣ್ಣದ ಚುಕ್ಕಿ ಇಟ್ಟೆ.

ಎಒ ಬಳೆಯ ಮೇಲಿನ ಅಂಕಿಗಳನ್ನೂ ನಂಬಲಿಲ್ಲ. 10, 15, 20, 25, 30, 40 ಮೀಟರ್‌ಗಳಲ್ಲಿ ಕಾಗದ ಇಟ್ಟು, ತಲೆ ಮೇಲೆ ಕೆಳಗೆ ಆಡಿಸುತ್ತಾ, ಅಡ್ಡಗೆರೆ ತೇಲುವುದು ನಿಂತ ಜಾಗವನ್ನು ಬಳೆಗೆ ಸುತ್ತಿದ ಕಾಗದದ ಟೇಪ್ ಮೇಲೆ ಗುರುತು ಮಾಡಿದೆ. ಚಿತ್ರ ಚೂಪಾಗಿ ಕಂಡ ಮಾತ್ರಕ್ಕೆ ಪ್ಯಾರಲ್ಯಾಕ್ಸ್ ಹೋಗಿದೆ ಎಂದುಕೊಳ್ಳಬಾರದು, ತಲೆ ಆಡಿಸಿ ನೋಡಿದ್ದೇ ಪ್ರಮಾಣ. ಹತ್ತಿರದ ದೂರಗಳಲ್ಲಿ ಕಾರ್ಖಾನೆಯ ಗುರುತಿಗೂ ನನ್ನದಕ್ಕೂ ಹೆಚ್ಚು ಅಂತರ ಬಂತು.

ಝೀರೋ

ಕಣ್ಣಿಗೆ ಕನ್ನಡಕ, ಗುರಿಯ ಹಿಂದೆ ಹಳೆಯ ಬಟ್ಟೆ ಗಿಡಿದ ಪೆಟ್ಟಿಗೆ, ಅದರ ಹಿಂದೆ ಮರದ ದಪ್ಪ ಹಲಗೆ, ಆಚೆ ಯಾರೂ ಓಡಾಡದ ಜಾಗ. ಸೀಸದ ಪೆಲೆಟ್ ಗಟ್ಟಿ ಮೈಗೆ ಬಡಿದರೆ 10 ಮೀಟರ್‌ನಿಂದಲೂ ಹಿಂದಕ್ಕೆ ಹಾರಿ ಬರಬಲ್ಲದು. ಏರ್ ರೈಫಲ್‌ಗೂ ಪರವಾನಗಿ ಕೇಳುವ ಕಾನೂನು ಹಲವು ಕಡೆ ಇದೆ, ತಮ್ಮ ಊರಿನ ನಿಯಮ ತಿಳಿದುಕೊಂಡೇ ಕೈ ಹಾಕಬೇಕು.

ಹೊಡೆಯುವಾಗ ವೈಸ್ ಇಲ್ಲ. ಸ್ಪ್ರಿಂಗ್ ರೈಫಲ್ ಅನ್ನು ಬಿಗಿ ಹಿಡಿದರೆ, ಗಟ್ಟಿ ವಸ್ತುವಿಗೆ ಒರಗಿಸಿದರೆ ಪೆಲೆಟ್ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ. ತೆರೆದ ಅಂಗೈ ಮೇಲೆ ಸಡಿಲವಾಗಿ ಇಟ್ಟು, ಅದು ತನ್ನಷ್ಟಕ್ಕೆ ಒದೆಯಲು ಬಿಡಬೇಕು. ಈ ಹಿಡಿತ ಕೈಗೆ ಹತ್ತುವ ತನಕ ಸ್ಕೋಪ್‌ನ ಮೇಲೆ ತೀರ್ಪು ಕೊಡಬಾರದು.

10 ಮೀಟರ್‌ನಲ್ಲಿ ಶುರು. ಪೆಲೆಟ್‌ಗಳು ಗುರಿಯಿಂದ ಮೂರು ಸೆಂ.ಮೀ. ಕೆಳಗೆ ಬಿದ್ದವು, ಮೌಂಟ್‌ನ ಇಳಿಜಾರಿನ ಲೆಕ್ಕಕ್ಕೆ ಹೊಂದುವಷ್ಟೇ. ಮೇಲೆ ತಂದು 25ಕ್ಕೆ ಹೋಗಿ, ಅಲ್ಲಿ ಸಣ್ಣ ಸಣ್ಣ ತಿದ್ದುಪಡಿ. ಪ್ರತಿ ತಿದ್ದುಪಡಿಯ ನಂತರ ಟರೆಟ್ ಅನ್ನು ಬೆರಳಿನಿಂದ ತಟ್ಟಿ, ಅಡ್ಡಗೆರೆ ನೆಲೆಯಾಗಲೆಂದು ಒಂದೆರಡು ಹೊಡೆತ ಲೆಕ್ಕಕ್ಕಿಡದೆ ಬಿಟ್ಟೆ. ಆಮೇಲೆ ಚೌಕದ ಪರೀಕ್ಷೆ: ಒಂದೇ ಗುರಿಬಿಂದುವಿಗೆ ಹೊಡೆಯುತ್ತಾ 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ. ಕಾಗದದ ಮೇಲೆ ನಾಲ್ಕು ಮೂಲೆಯ ಗೊಂಚಲುಗಳು ಮೂಡಿದವು, ಬದಿಗಳು 7 ಸೆಂ.ಮೀ. ಆಸುಪಾಸು. ಕೊನೆಯ ಗೊಂಚಲು ಮೊದಲನೆಯದರ ತೂತುಗಳನ್ನೇ ಹರಿದು ದೊಡ್ಡದು ಮಾಡಿತು. ಆ ಹರಿದ ತೂತನ್ನು ನೋಡಿದಾಗ ಆದ ಸಂತೋಷ ದೊಡ್ಡದು. ಕಡಿಮೆ ಬೆಲೆಯ ಸ್ಕೋಪ್‌ನಿಂದ ನಾನು ಕೇಳಿದ್ದೂ ಇಷ್ಟನ್ನೇ.

ಬಿಳಿ ಗೆರೆ ಈಗಲೂ ಪೂರ್ತಿ ಇದೆ. ಮೌಂಟ್ ಕದಲಿಲ್ಲ.

ಈಗ ರೈಫಲ್‌ನ ಸ್ಟಾಕ್ ಮೇಲೆ ಅಂಟಿಸಿರುವ ಚೀಟಿ ಹೀಗಿದೆ, ವರ್ಧನೆ ಬಿಳಿ ಚುಕ್ಕಿಯಲ್ಲಿದ್ದಾಗ: 10 ಮೀಟರ್‌ಗೆ 1.1 ಮಿಲ್ ಮೇಲೆ ಹಿಡಿಯುವುದು. 15ಕ್ಕೆ ನೇರ. 20ಕ್ಕೆ ಪೆಲೆಟ್ 2 ಮಿ.ಮೀ. ಮೇಲೆ ಬೀಳುತ್ತದೆ, ನೇರವೇ ಹಿಡಿಯುವುದು. 25 ಝೀರೋ. 30ಕ್ಕೆ 0.3 ಮಿಲ್, 40ಕ್ಕೆ 1.2 ಮಿಲ್. ತೀರಾ ಹತ್ತಿರದ ಗುರಿಗೂ ತೀರಾ ದೂರದ ಗುರಿಗೂ ಹೆಚ್ಚು ಕಡಿಮೆ ಒಂದೇ ಚುಕ್ಕಿ ಹಿಡಿಯಬೇಕಾಗಿ ಬಂದಿರುವುದು ಸ್ಕೋಪ್ ನಳಿಗೆಗಿಂತ 45 ಮಿ.ಮೀ. ಮೇಲಿರುವುದರಿಂದ: ಹತ್ತಿರದಲ್ಲಿ ಪೆಲೆಟ್ ಇನ್ನೂ ದೃಷ್ಟಿರೇಖೆಗೆ ಏರಿರುವುದಿಲ್ಲ, ದೂರದಲ್ಲಿ ಇಳಿದುಬಿಟ್ಟಿರುತ್ತದೆ. ಟರೆಟ್ ಮುಚ್ಚಳ ಹಾಕಿ ಬಿಗಿ ಮಾಡಿದ್ದೇನೆ, ದೂರ ಬದಲಾದಾಗ ಎಒ ಬಳೆ ಮಾತ್ರ ತಿರುಗುತ್ತದೆ. ಪೆಲೆಟ್‌ನ ಬಗೆ ಬದಲಿಸಿದರೆ ಈ ಚೀಟಿ ಕಿತ್ತು 10 ಮೀಟರ್‌ನಿಂದ ಮತ್ತೆ ಶುರು ಮಾಡಬೇಕು.